ಕಾಡವ್ವನಿಗೆ ಒಂದೇ ಸಾಲು

ಕಾಡವ್ವನನ್ನು ನಾನು ಒಂದೇ ಸಾಲಿನಲ್ಲಿ ಕೆಲಸದಿಂದ ಬಿಡಿಸಿದೆ. ಅದಕ್ಕಿಂತ ಹೆಚ್ಚು ಶಾಯಿ ಅವಳಿಗೆ ಬೇಕೆಂದು ನನಗೆ ಅನಿಸಲೇ ಇಲ್ಲ. ಅವಳು ನನ್ನ ಧಾರಾವಾಹಿಯ ಅಡುಗೆಯವಳು, ಲೋಕದಲ್ಲಿ ಎಲ್ಲೂ ಇಲ್ಲದವಳು. ಇಲ್ಲದವರನ್ನು ಬಿಡಿಸುವುದು ಸುಲಭ ಎಂದುಕೊಂಡಿದ್ದೆ.

ನನ್ನ ಹೆಸರು ರಸಿಕಾ. ಬೆಳಗಾವಿಯ ಟಿಳಕವಾಡಿಯಲ್ಲಿ ಮನೆ. ಮನೆಮಾತು ಮರಾಠಿ, ಶಾಲೆ ಕಲಿತದ್ದು ಕನ್ನಡದಲ್ಲಿ. ಹೀಗಾಗಿ ಜಗಳವಾಡುವುದು ಒಂದರಲ್ಲಿ, ಬರೆಯುವುದು ಇನ್ನೊಂದರಲ್ಲಿ. ಊರಿನ ಒಂದು ಕನ್ನಡ ವಾರಪತ್ರಿಕೆಗೆ ಆರು ತಿಂಗಳಿಂದ ಧಾರಾವಾಹಿ ಬರೆಯುತ್ತಿದ್ದೆ. ಅದರಲ್ಲೊಂದು ದೊಡ್ಡ ಬಂಗಲೆ. ಬಂಗಲೆಯಲ್ಲಿ ಕಾರ್ಖಾನೆಯ ಸಾವುಕಾರ, ಅವನ ಹೆಂಡತಿ ಗಂಗಾದೇವಿ, ಲೆಕ್ಕ ಬರೆಯುವ ಒಬ್ಬ ಗುಮಾಸ್ತ, ಅಡುಗೆಮನೆಯಲ್ಲಿ ಕಾಡವ್ವ. ಬೆಳಗಿನ ಮಂಜು ಬಿದ್ದರೆ ಸಾಕು, ಇವರೆಲ್ಲ ನನ್ನ ಮನೆಯೊಳಗೆ ಓಡಾಡತೊಡಗುತ್ತಾರೆ. ಸಾವುಕಾರ ಗ್ಯಾಲರಿಯಲ್ಲಿ ನಿಂತು ಬೀದಿ ನೋಡುತ್ತಾನೆ. ಗಂಗಾದೇವಿ ನನ್ನ ಕುರ್ಚಿಯಲ್ಲೇ ಕೂತು ನೆರಿಗೆ ಸರಿಮಾಡಿಕೊಳ್ಳುತ್ತಾಳೆ. ಗಂಡ ಮಯೂರ ಏನೋ ಕೇಳಿದರೆ ನಾನು ಗಂಗಾದೇವಿಗೆ ಉತ್ತರ ಕೊಡುತ್ತೇನೆ. ಅವನಿಗೆ ಇದು ರೂಢಿಯಾಗಿದೆ.

ಈ ವರ್ಷ ಮಚ್ಛೆಯಲ್ಲಿರುವ ಮಯೂರನ ಸಣ್ಣ ಎರಕದ ಕಾರ್ಖಾನೆಗೆ ಕೆಲಸ ಬರುವುದೇ ನಿಂತುಹೋಯಿತು. ಮೂರು ಪಾಳಿ ಎರಡಾಯಿತು, ಎರಡು ಒಂದಾಯಿತು. ವ್ಯಾಪಾರ ಹೀಗೆ ನೆಲಕಚ್ಚುವುದಕ್ಕೆ ಅಲ್ಲಿನ ಕಾರ್ಖಾನೆಯವರೆಲ್ಲ ‘ಮಂದಿ’ ಎನ್ನುತ್ತಾರೆ, ಮರಾಠಿಯ ಮಾತು. ಫೋನು ಎತ್ತಿದರೆ ಮಂದಿ, ಚಹಾಕ್ಕೆ ಕೂತರೆ ಮಂದಿ. ಕೇಳಿ ಕೇಳಿ ನಾನೂ ಅದನ್ನು ಧಾರಾವಾಹಿಯೊಳಗೆ ಎಳೆದುಕೊಂಡೆ. ಸಾವುಕಾರ ತನ್ನ ಕಾರು ಮಾರಿದ ದಿನದ ಮೇಲೆ ಒಂದು ಪೂರ್ತಿ ಕಂತು ಬರೆದೆ. ಓದಿದವರು ಫೋನು ಮಾಡಿ ಕಣ್ಣೀರಿಟ್ಟರು. ಗುಮಾಸ್ತನ ಕಷ್ಟಕ್ಕೆ ಅರ್ಧ ಕಂತು ಸಿಕ್ಕಿತು. ಬ್ಯಾಂಕಿನವರೊಬ್ಬರು “ನನ್ನ ನೋಡೇ ಬರದಂಗೈತಿ” ಎಂದರು. ನಾನು ಉಬ್ಬಿಹೋದೆ.

ಅದೇ ವಾರ ಮಯೂರ, ಮುಂದಿನ ತಿಂಗಳಿಂದ ಸತ್ಯವ್ವನನ್ನು ಬಿಡಿಸದೆ ಗತಿಯಿಲ್ಲ ಎಂದ.

ಸತ್ಯವ್ವ ಹನ್ನೊಂದು ವರ್ಷದಿಂದ ಖಾನಾಪುರದಿಂದ ಬೆಳಗಿನ ರೈಲಿಗೆ ಬಂದು ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುವವಳು. ನಾನು ಬರೆದದ್ದನ್ನೆಲ್ಲ ಮೊದಲು ಕೇಳುವವಳೂ ಅವಳೇ. ಓದು ಬಾರದು, ಆದರೆ ಎಲ್ಲಿ ಸುಳ್ಳು ಬರೆದಿದ್ದೇನೋ ಅಲ್ಲಿಗೆ ಸರಿಯಾಗಿ ಬಡಿಯುವ ಕೈ ನಿಲ್ಲುತ್ತದೆ. ಸದ್ದು ನಿಂತರೆ ನಾನು ಆ ಸಾಲು ಹೊಡೆದುಹಾಕುತ್ತೇನೆ. ಅಂಥವಳ ಮುಂದೆ ನಿಂತು ನಾಳೆಯಿಂದ ಬರಬೇಡ ಎನ್ನಲು ನನಗೆ ಬಾಯೇ ಬರಲಿಲ್ಲ. ಇವತ್ತು ನಾಳೆ ಎನ್ನುತ್ತ ತಿಂಗಳ ಕೊನೆಯ ದಿನ ಬಂತು. ನಾನು ಹೇಡಿ. ಕತೆಯಲ್ಲಿ ಕಾಡವ್ವನನ್ನು ಬಿಡಿಸಿಬಿಟ್ಟರೆ ಸತ್ಯವ್ವ ತಾನೇ ಅರ್ಥಮಾಡಿಕೊಳ್ಳುತ್ತಾಳೆ ಎಂದುಕೊಂಡು ಅಡುಗೆಮನೆಗೆ ಹಾಳೆ ಹಿಡಿದು ಹೋದೆ.

“ಬಂಗಲೆಗೆ ಮಂದಿ ಬಂತೆಂದು ತಿಳಿದ ಕಾಡವ್ವ ಮರುಮಾತಾಡದೆ ಸೆರಗು ಸೊಂಟಕ್ಕೆ ಸಿಗಿಸಿಕೊಂಡು ಹೊರಟಳು,” ಎಂದು ಓದಿದೆ.

ಬಡಿಯುವ ಸದ್ದು ನಿಂತಿತು.

“ಎಷ್ಟ ಮಂದಿರೀ, ಬಾಯಾರ?”

“ಭಾಳ. ಇಷ್ಟ ವರ್ಷದಾಗ ಇಂಥಾ ಮಂದಿ ಕಂಡಿಲ್ಲ.”

“ಬರೇ ಕತಿಯಾಗೋ, ನಮ್ಮ ಮನಿಗೂ ಬಂತೊ?”

“ನಮ್ಮ ಮನಿಗೂ, ಸತ್ಯವ್ವ. ನಾಳಿಂದ…” ಎಂದು ಅಲ್ಲಿಗೇ ನಿಲ್ಲಿಸಿದೆ.

ಅವಳು ಹಿಟ್ಟಿನ ಕೈ ಝಾಡಿಸಿ ನನ್ನ ಮುಖ ನೋಡಿದಳು. “ಅಯ್ಯ, ಇದನ್ನ ಹೇಳಾಕ ಇಷ್ಟ ಒದ್ದಾಡೂದೇನ್ರಿ? ಮೊದಲ ಹೇಳಬಾರದಾ? ನೀವೇನ ಚಿಂತಿ ಮಾಡಬ್ಯಾಡ್ರಿ. ಎಲ್ಲಾ ನಾ ನೋಡ್ಕೋತೀನಿ.”

ಎಂಥ ದೊಡ್ಡ ಮನಸ್ಸು ಇವಳದು ಎಂದು ನನಗೆ ಅಳುವೇ ಬಂತು. ಅವಳು ಹಂಚು ಒರೆಸಿಟ್ಟು, ಯಾವತ್ತಿನಂತೆ ಚಪ್ಪಲಿ ಮೆಟ್ಟಿಕೊಂಡು ಹೋದಳು. ನನ್ನ ಎದೆಯ ಭಾರ ಇಳಿದುಹೋಯಿತು.

ಆ ಮಧ್ಯಾಹ್ನ ಮೇಜಿನ ಮೇಲೆಯೇ ಕಣ್ಣು ಹತ್ತಿತು. ಖಾನಾಪುರದ ರೈಲಿನಲ್ಲಿ ನನ್ನ ಬಂಗಲೆಯವರೆಲ್ಲ ಕೂತಿದ್ದರು. ಸಾವುಕಾರನಿಗೆ ಒಂದು ಕಿಟಕಿ, ಗಂಗಾದೇವಿಗೆ ಒಂದು ಕಿಟಕಿ, ಗುಮಾಸ್ತನಿಗೆ ಸೀಟಿನ ತುದಿ. ಕಾಡವ್ವ ಬಾಗಿಲ ಬಳಿ ನಿಂತಿದ್ದಳು. ಹೊರಗೆ ಮಂಜೋ ಜೋಳದ ಹಿಟ್ಟೋ ತಿಳಿಯದಂಥ ಬಿಳುಪು. ದೇಸೂರು ಬಂತು, ಹೋಯಿತು. ಒಬ್ಬೊಬ್ಬರೇ ತಮ್ಮ ತಮ್ಮ ಮನೆಯ ಮುಂದೆ ಇಳಿದರು, ರೈಲು ಮನೆಬಾಗಿಲಿಗೇ ಹೋಗುತ್ತಿತ್ತು. ಕೊನೆಗೆ ಕಾಡವ್ವ ನನ್ನ ಕಡೆ ತಿರುಗಿ, “ಬಾಯಾರ, ನಾ ಎಲ್ಲಿ ಇಳೀಲಿ? ನನ್ನ ಮನಿ ಎಲ್ಲಿ ಬರದೀರಿ?” ಎಂದಳು. ನಾನು ಹಾಳೆ ತಿರುವಿದೆ. ಒಂದೊಂದರಲ್ಲೂ ಅವಳು ಬಂಗಲೆಯ ಹಿತ್ತಲ ಬಾಗಿಲಿನಿಂದ ಬರುತ್ತಿದ್ದಳು, ಅದೇ ಬಾಗಿಲಿನಿಂದ ಹೋಗುತ್ತಿದ್ದಳು. ಬಾಗಿಲಿನಾಚೆ ಹಾಳೆ ಖಾಲಿ ಇತ್ತು. ರೈಲು ಎಲ್ಲೂ ನಿಲ್ಲದೆ ಹೋಗುತ್ತಲೇ ಇತ್ತು.

ಮರುದಿನ ಬೆಳಿಗ್ಗೆ ಬಾಗಿಲ ಗಂಟೆ ಸದ್ದಾಯಿತು. ಬಾಗಿಲು ತೆರೆದರೆ ಸತ್ಯವ್ವ! ತಲೆಯ ಮೇಲೆ ಬಿಳಿ ಬಟ್ಟೆ ಮುಚ್ಚಿದ ಬುಟ್ಟಿ. ಹಿಂದೆ ಅವಳ ತಂಗಿ ಸಿದ್ದಕ್ಕ. ಅವಳ ಹಿಂದೆ ಎರಡೂ ಕೈಯಲ್ಲಿ ಬದನೆಕಾಯಿ ಎಣಗಾಯಿ ಪಲ್ಯದ ದೊಡ್ಡ ಡಬ್ಬಿ ಹಿಡಿದ ಸೊಸೆ ಪ್ರಮಿಳಾ. ಮೂವರ ಸೀರೆಯೂ ಮಂಜಿಗೆ ಒದ್ದೆ.

“ಮಂದಿ ಎದ್ದಾರೇನ್ರಿ ಇನ್ನ?” ಸತ್ಯವ್ವ ಪಿಸುಮಾತಿನಲ್ಲಿ ಕೇಳಿದಳು. “ಅರವತ್ತ ರೊಟ್ಟಿ ಮನಿಯಾಗ ಬಡದ ತಂದೇವಿ. ಕಡಿಮಿ ಬಿದ್ರ ಇಲ್ಲೇ ಬಡದರಾತು, ಮೂರು ಕೈ ಅದಾವಲ್ಲ. ನಿಮಗ ಒಬ್ಬಾಕಿಗೇ ಆಗೂದಿಲ್ಲಂತ ಇವರನ್ನೂ ಕರಕೊಂಡ ಬಂದೆ.”

ನನಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಹನ್ನೊಂದು ವರ್ಷ ಅವಳ ಬಾಯಲ್ಲಿ ಮಂದಿ ಎಂದರೆ ಜನ ಎಂದೇ ಕೇಳಿದವಳು ನಾನು. ಮಯೂರ ಅರ್ಧ ಗಡ್ಡ ಹೆರೆದ ಮುಖದಲ್ಲಿ ಹೊರಬಂದು, ಮೂವರು ಹೆಂಗಸರನ್ನೂ ಬುಟ್ಟಿಯನ್ನೂ ನೋಡಿ, ನನ್ನನ್ನೂ ನೋಡಿ, ಒಳಗೆ ಹೋದ.

“ಸತ್ಯವ್ವ, ಆ ಮಂದಿ ಅಲ್ಲ,” ಎಂದೆ. “ಸಾಹೇಬರು ಅಂತಾರಲ್ಲ, ಧಂದೆ ಬಿದ್ದದ್ದಕ್ಕ. ಆ ಮಂದಿ. ನಮ್ಮ ಮನಿಗೆ ಯಾರೂ ಬಂದಿಲ್ಲ. ಇನ್ನ ಮ್ಯಾಲೆ ನೀ ಬರೂದು ಬ್ಯಾಡ ಅಂತ ಹೇಳಾಕ ಹೋಗಿದ್ದೆ.”

ಹೇಳಬೇಕಾದ್ದನ್ನು ಕೊನೆಗೂ ಹೇಳಿದೆ. ಅದೂ ಅವಳ ಸೊಸೆಯ ಮುಂದೆ, ಅವಳ ತಲೆಯ ಮೇಲೆ ಅರವತ್ತು ರೊಟ್ಟಿ ಇರುವಾಗ.

ಅವಳು ಬುಟ್ಟಿ ಇಳಿಸಿ ಕಟ್ಟೆಯ ಮೇಲಿಟ್ಟಳು. ಸಿಟ್ಟು ಮಾಡಿದ್ದರೆ ಎಷ್ಟೋ ಚಲೋ ಇತ್ತು.

“ಹಂಗಾರ ನಿನ್ನೆ ಕಾಡವ್ವನ್ನ ಬಿಡಿಸಿದ್ರಿ,” ಎಂದಳು.

“ಹೂಂ.”

“ನಾ ಆಕಿ ಸೆರಗ ಸಿಗಸ್ಕೊಂಡ ಕೆಲಸಕ್ಕ ನಿಂತ್ಳು ಅಂತ ತಿಳದಿದ್ದೆ.” ಬುಟ್ಟಿಯ ಮೇಲಿನ ಬಟ್ಟೆ ಸರಿಮಾಡಿದಳು. “ಗಾಡಿ ಮಾರಿದ್ದಕ್ಕ ಸಾವಕಾರನ್ನ ಒಂದ ವಾರ ಅಳಿಸಿದ್ರಿ, ಬಾಯಾರ. ಈಕೀದು ಒಂದ ಮಾತಿನ್ಯಾಗ ಮುಗಿಸಿದ್ರಿ. ಈಕಿಗೆ ಮನಿಯಾಗ ಯಾರರ ಅದಾರೊ, ಇಲ್ಲೊ?”

ಮೂವರೂ ಮೆಟ್ಟಿಲಿಳಿದರು. ಪ್ರಮಿಳಾ ಬುಟ್ಟಿಯ ಕಡೆ ಕೈ ಮಾಡಿದ್ದಕ್ಕೆ ಸತ್ಯವ್ವ, “ಇರಲಿ. ಅವರಿಗಂತ ಬಡದದ್ದು,” ಎಂದದ್ದು ಕೇಳಿಸಿತು.

ಗುರುವಾರ ಆ ಕಂತು ಅಚ್ಚಾಯಿತು. ಫೋನುಗಳು ಬಂದವು. ಸಾವುಕಾರನ ಕಾರು ತಿರುಗಿ ಬರುತ್ತದೋ ಇಲ್ಲವೋ ಎಂದು ಎಲ್ಲರೂ ಕೇಳಿದರು. ಕಾಡವ್ವ ಎಲ್ಲಿ ಹೋದಳೆಂದು ಒಬ್ಬರೂ ಕೇಳಲಿಲ್ಲ. ನನಗೆ ಅವರ ಮೇಲೆ ಸಿಟ್ಟು ಬಂತು, ನನ್ನ ಮೇಲೆ ಅದಕ್ಕಿಂತ ಹೆಚ್ಚು. ಕಾಡವ್ವನ ಕಂತು ಬರೆಯಲು ಕೂತೆ. “ಕಾಡವ್ವ ಮನೆಗೆ ಬಂದು ಬಾಗಿಲು ತೆರೆದಳು” ಎಂದು ಬರೆದೆ. ಬಾಗಿಲೊಳಗೆ ಏನಿದೆ ನನಗೆ ಗೊತ್ತಿರಲಿಲ್ಲ. ಸತ್ಯವ್ವನ ಮನೆಯ ಹೊಸಿಲನ್ನು ಹನ್ನೊಂದು ವರ್ಷದಲ್ಲಿ ಒಂದು ಸಲವೂ ನಾನು ಮೆಟ್ಟಿರಲಿಲ್ಲ. ಅಷ್ಟರಲ್ಲಿ ಅವಳ ರೊಟ್ಟಿ ಒಣಗಿ ಕಟಕಟ ಎನ್ನುತ್ತಿದ್ದವು. ದಿನಾ ಅವನ್ನೇ ತಿಂದೆವು.

ಬುಟ್ಟಿ ಬರಿದಾದ ದಿನ ಅದನ್ನು ಒಯ್ದು ಕೊಡಲು ಹೊರಟೆ. ಬರೀ ಬುಟ್ಟಿ ಕೊಡಬಾರದೆಂದು ಸಕ್ಕರೆ ಹಾಕಿದೆ, ಮೇಲೆ ‘ಬಾಗಿಲು ತೆರೆದಳು’ ಎಂಬಲ್ಲಿಗೇ ನಿಂತ ಆ ಒಂದು ಸಾಲಿನ ಹಾಳೆಯನ್ನೂ ಇಟ್ಟೆ. ರೈಲಿನ ಹೊರಗೆ ಕನಸಿನಲ್ಲಿದ್ದ ಬಿಳುಪೇ ಇತ್ತು. ಸಾವುಕಾರ ಬಂದಿರಲಿಲ್ಲ, ಗಂಗಾದೇವಿಯೂ ಇಲ್ಲ. ದೇಸೂರಿನಲ್ಲಿ ಕಾಡವ್ವ ಹತ್ತಿ ಬಾಗಿಲ ಬಳಿ ನಿಂತಳು. “ಬಾ, ಕೂಡು,” ಎಂದು ಜೋರಾಗಿಯೇ ಅಂದುಬಿಟ್ಟೆ. ಪಕ್ಕದ ಹೆಂಗಸು ಏನೂ ಕೇಳದೆ, ಕಣ್ಣಿಗೆ ಕಾಣದವಳಿಗೂ ಸ್ವಲ್ಪ ಸರಿದು ಜಾಗ ಕೊಟ್ಟಳು.

ಖಾನಾಪುರದಲ್ಲಿ ಕೇಳುತ್ತ ಕೇಳುತ್ತ ಹೋದೆ. ಹೊಳೆಯ ಕಡೆ ಇಳಿಯುವ ಓಣಿ, ಎರಡು ಕೋಣೆಯ ಹಂಚಿನ ಮನೆ. ಕಟ್ಟೆಯ ಮೇಲೆ ಅವಳ ಮಗ ಬೀರೇಶ ಕೂತಿದ್ದ. ಇಟ್ಟಂಗಿ ಭಟ್ಟಿಯ ಕೆಲಸ ಹದಿನೈದು ದಿನದಿಂದ ನಿಂತಿದೆ ಎಂದ. ಬಾಗಿಲು ಬಹಳ ತಗ್ಗು, ಪಡುವಣಕ್ಕೆ. ಅದನ್ನು ನೋಡುತ್ತ ನಿಂತಾಗಲೇ ಸತ್ಯವ್ವ ಬಗ್ಗಿ ಹೊರಬಂದಳು.

“ಬುಟ್ಟಿ ಕೊಡಾಕ ಬಂದೆ,” ಎಂದೆ. “ತಿರುಗಿ ಕರಿಯೋ ಹಂಗ ಇಲ್ಲ, ಸತ್ಯವ್ವ. ಸುಳ್ಳ ಹೇಳೂದಿಲ್ಲ. ನನ್ನ ತಪ್ಪಾತು.”

ಅವಳು ಬುಟ್ಟಿ ಇಸಿದುಕೊಂಡಳು. ಹಾಳೆ ತೆಗೆದು, ಓದಲು ಬಾರದಿದ್ದರೂ ತಿರುವಿ ನೋಡಿ, ನನ್ನ ಕೈಗೇ ತಿರುಗಿ ಕೊಟ್ಟಳು.

“ಬಿಸಲಾಗ ಯಾಕ ನಿಂತೀರಿ, ಒಳಗ ಬರ್ರಿ. ಬಗ್ಗಿ ಬರ್ರಿ, ತಲಿಗೆ ಬಡೀತೈತಿ,” ಎಂದಳು. ಆಮೇಲೆ ಒಳಗೆ ಮುಖ ಮಾಡಿ ಕೂಗಿದಳು:

“ಪ್ರಮಿಳಾ, ಮನಿಗೆ ಮಂದಿ ಬಂದಾರ. ಎರಡ ರೊಟ್ಟಿ ಹೆಚ್ಚಿಗಿ ಬಡಿ.”

ಒಳಗೆ ಬಡಿಯುವ ಸದ್ದು ಶುರುವಾಯಿತು. ನಾನು ಬಗ್ಗಿ ಒಳಗೆ ಹೋಗಿ ಕೂತೆ.