ದಿಂಡಿಗದ ಮರದ ಹೊಗೆ

ಸತ್ಯಾಳ ತಲೆಗೆ ಎಣ್ಣೆ ಹಚ್ಚಿ, ಬೈತಲೆ ತೆಗೆದು, ಎಡಜಡೆ ಹೆಣೆದು ಮುಗಿಸಿ, ಕುಂಜಿ ಬಲಗಡೆಯ ಕೂದಲನ್ನು ಮೂರು ಪಾಲು ಮಾಡಿಕೊಂಡಿದ್ದಳು. ಅಷ್ಟರಲ್ಲಿ ಬಾವ ಲಿಂಗ ಬಾಗಿಲಿಗೆ ಬಂದು ನಿಂತ. ಗಂಡ ಮಣಿಯ ಅಣ್ಣ. ಎರಡು ಮನೆ ಆಚೆಯವನು. ದಿನಾ ಬೆಳಿಗ್ಗೆ ಟೀಗೆಂದು ಬರುವವನು. ಬಂದವನೇ "ನಿನ್ ಟೀ ವಾಸ್ನೆಗೆ ಆನೆನೂ ದಾರಿ ಬಿಟ್ಟೋಯ್ತದೆ ಕನವ್ವ" ಎಂದು ರೇಗಿಸಿ, ಆಮೇಲೆ ಎರಡು ಲೋಟ ಕುಡಿದು ಹೋಗುವವನು. ಇವತ್ತು ಹೊಸ್ತಿಲು ದಾಟಲಿಲ್ಲ.

"ಹೊಳೆ ಆಚೆ ಬೆಂಕಿ ಎದ್ದದೆ," ಎಂದ. "ಗಾಳಿ ಬೇರೆ ಬೆಳಗಿನ ಜಾವದಿಂದ ಒಂದೇ ಸಮ. ಮಣಿ, ಇನ್ನೂ ಆರೇಳು ಜನ, ಎಲ್ಲಾರ್ನೂ ಕ್ಯಾಂಪಿಂದ್ಲೇ ಜೀಪಿಗೆ ತುಂಬ್ಕಂಡೋದ್ರಂತೆ."

"ಹೊಳೆ ಆಚೆ ಎಲ್ಲಿ ಬಾವ?"

"ಅದೇ, ಸೀಗೆಮೆಳೆ ಓರೆಲಿ."

ಕುಂಜಿಯ ಬೆರಳು ನಿಂತವು. ಆ ಬೆರಳುಗಳ ಕೆಳಗೆ ಮಗಳ ಕತ್ತು ಬಿಗಿಯಾದದ್ದು ಅವಳಿಗೆ ಗೊತ್ತಾಯಿತು. ಒಂಬತ್ತು ವರ್ಷದ ಹುಡುಗಿ.

ತಾಯಿ ಮಗಳಿಬ್ಬರೂ ಭಾನುವಾರ ಗುಡ್ಡದ ಆ ಓರೆಗೆ ಹೋಗಿದ್ದರು. ಬೇಸಿಗೆಯಲ್ಲಿ ಬೆಂಕಿಯ ಭಯಕ್ಕೆ ಯಾರೂ ಕಾಡಿನೊಳಗೆ ಕಾಲಿಡಬಾರದೆಂದು ಅರಣ್ಯ ಇಲಾಖೆಯ ಕಟ್ಟಪ್ಪಣೆ ಇತ್ತು. ಆದರೆ ಮೆಳೆಯ ಮೇಲೆ ಉಳಿದ ಸೀಗೆಕಾಯಿ ಅಪ್ಪಣೆಗೆ ಕಾಯುವುದಿಲ್ಲ. ಒಣಗಿ ಉದುರಿ ಮಣ್ಣುಪಾಲಾಗುತ್ತದೆ. ಹಾಡಿಯ ಹೆಂಗಸರೆಲ್ಲ ಹೋಗುತ್ತಿದ್ದರು, ಹೋದದ್ದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹಿಂದಿನ ದಿನ ಸಂಜೆ ಮಸಿನಗುಡಿಯ ಕಡೆಯಿಂದ ಮೋಡ ಕವಿದು, ಆಕಾಶ ಹರಿದು ಹೋಗುವಂತೆ ಮಿಂಚಿತ್ತು. ಮಳೆ ಮಾತ್ರ ಒಂದು ಹನಿ ಬಿದ್ದಿರಲಿಲ್ಲ.

ಓರೆಯ ನೆತ್ತಿಯಲ್ಲಿ ಒಂದು ಮುದಿ ದಿಂಡಿಗದ ಮರ ತುದಿಯಿಂದ ನಡುವಿನವರೆಗೆ ಸೀಳಿಕೊಂಡು ನಿಂತಿತ್ತು. ತೊಗಟೆ ಸುಲಿದು ಸುತ್ತ ಚೆಲ್ಲಿತ್ತು. ಆಳೆತ್ತರದಲ್ಲಿದ್ದ ಪೊಟರೆಯಿಂದ ಎಳೆಯಷ್ಟು ಹೊಗೆ ಹೊರಟು ನೆಟ್ಟಗೆ ಮೇಲೇರುತ್ತಿತ್ತು.

"ಅವ್ವ, ನೋಡವ್ವ, ಮರ ಬೀಡಿ ಸೇದ್ತಾ ಅದೆ," ಎಂದು ಸತ್ಯಾ ನಕ್ಕಿದ್ದಳು.

ಕುಂಜಿಗೆ ನಗು ಬರಲಿಲ್ಲ. ಪೊಟರೆಯೊಳಗೆ ಕೂತ ಬೆಂಕಿ ಹೊಟ್ಟಿನೊಳಗಿನ ಕೆಂಡದ ಹಾಗೆ; ಮೂರು ದಿನವಾದರೂ ಕೂತಿರುತ್ತದೆ, ನಾಲ್ಕು ದಿನವಾದರೂ ಕೂತಿರುತ್ತದೆ, ಗಾಳಿ ಎದ್ದ ದಿನ ಹೊರಗೆ ಬರುತ್ತದೆ. ಅದನ್ನು ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಆ ಹೊತ್ತಿಗೆ ನಾಲ್ಕು ಜನ ಬಂದು ಮರವನ್ನು ಉರುಳಿಸಿ, ಪೊಟರೆಗೆ ಮಣ್ಣು ತುಂಬಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

ಆದರೆ ಹೋದ ವರ್ಷದ ಸಂಗತಿ ಇತ್ತಲ್ಲ. ಮಣಿ ಬೇಸಿಗೆಯ ಮೂರು ತಿಂಗಳು ಇಲಾಖೆಯಲ್ಲಿ ಬೆಂಕಿ ಕಾಯುವ ವಾಚರ್ ಕೆಲಸಕ್ಕೆ ಹೋಗುವವನು, ದಿನಗೂಲಿ. ಹೋದ ವರ್ಷ ರಜದ ದಿನ ಹಳ್ಳದ ಹತ್ತಿರ ಹೊಗೆ ಕಂಡು, ಎದ್ದೆನೋ ಬಿದ್ದೆನೋ ಎಂದು ಓಡಿಹೋಗಿ ಆಫೀಸಿಗೆ ತಿಳಿಸಿದ್ದ. ಬೆಂಕಿ ಆರಿತು. ಆರಿದ ಮೇಲೆ ಅವನನ್ನು ಬೆಂಚಿನ ಮೇಲೆ ಕೂರಿಸಿದರು. ಯಾರೂ ಹೊಡೆಯಲಿಲ್ಲ, ಬೈಯಲೂ ಇಲ್ಲ. ರಜ ಇದ್ದವನು ಅಲ್ಲಿಗೇಕೆ ಹೋಗಿದ್ದೆ, ಬೆಂಕಿ ಬಿದ್ದದ್ದು ಎಲ್ಲರಿಗಿಂತ ಮೊದಲು ನಿನಗೇ ಹೇಗೆ ಗೊತ್ತಾಯಿತು ಎಂದು ಎರಡು ದಿನ ಅದನ್ನೇ ತಿರುತಿರುಗಿ ಕೇಳಿದರು. ಮನೆಗೆ ಬಂದವನು ಒಂದು ತಿಂಗಳು ಸರಿಯಾಗಿ ಉಣ್ಣಲಿಲ್ಲ. ಜೀಪಿನ ಸದ್ದು ಕೇಳಿದರೆ ಎದ್ದು ಹಿತ್ತಲಿಗೆ ಹೋಗಿಬಿಡುತ್ತಿದ್ದ. ಅಲ್ಲಿಂದೀಚೆಗೆ ಹಾಡಿಯಲ್ಲಿ ಒಂದು ರೂಢಿ ಬೆಳೆದಿತ್ತು. ಹೊಗೆ ಕಂಡವರು ಮುಖ ತಿರುಗಿಸಿಕೊಂಡು ನಡೆದುಬಿಡಬೇಕು. ಕಂಡವನೇ ಹಚ್ಚಿದವನು ಎಂದಾಗುವುದಾದರೆ ಕಾಣದಿರುವುದೇ ಲೇಸು.

ಭಾನುವಾರ ಅವರು ಸೀಗೆಕಾಯಿಯ ಮೂಟೆ ಹೊತ್ತು ಹಿಂದಿರುಗಿದಾಗ ಮಣಿ ಮನೆಯಲ್ಲಿದ್ದ. ಹನ್ನೆರಡು ರಾತ್ರಿ ಕಾವಲು ಕಾದ ಮೇಲೆ ಸಿಕ್ಕಿದ ಒಂದು ದಿನದ ರಜ. ಮುದ್ದೆ ಉಂಡು, ಚಾಪೆಯಿಂದಾಚೆಗೆ ಕಾಲು ಚಾಚಿ ಮಲಗಿದ್ದ. ಅಂಗಾಲು ಬಿರುಕು ಬಿಟ್ಟು ನೆತ್ತರು ಕರೆಗಟ್ಟಿತ್ತು. ಒಂದು ಹುಬ್ಬು ಅರ್ಧ ಸುಟ್ಟಿತ್ತು. ಕುಂಜಿ ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದಳು. ಹೇಳಿದರೆ ಏಳುತ್ತಾನೆ. ಎದ್ದರೆ ಹೋಗುತ್ತಾನೆ. ಹೋದರೆ ಮತ್ತೆ ಆ ಬೆಂಚು. ಮಲಗಲಿ ಅತ್ತ, ಒಂದು ದಿನವಾದರೂ ಮಲಗಲಿ.

ಅವಳು ಮಗಳನ್ನು ಬಟ್ಟೆ ಒಗೆಯುವ ಕಲ್ಲಿನ ಬಳಿಗೆ ಕರೆದುಕೊಂಡು ಹೋಗಿ, ಗಲ್ಲ ಹಿಡಿದು, "ಆ ಮರದ್ ಸುದ್ದಿ ಎಲ್ಲೂ ಎತ್ಬ್ಯಾಡ ಕಂದ," ಎಂದಳು. "ಸಂಜೆಗೆ ಮಳೆ ಬತ್ತದೆ. ಅದೇ ಆರೋಯ್ತದೆ."

ಸತ್ಯಾ ತಲೆಯಾಡಿಸಿದಳು. ಸಂಜೆ ಮೋಡವೇನೋ ಬಂತು. ಗುಡುಗಿತು, ಮಿಂಚಿತು, ಅಂಗಳದ ಧೂಳಿನಲ್ಲಿ ಹತ್ತಿಪ್ಪತ್ತು ಗುಳಿ ಬೀಳುವಷ್ಟು ಹನಿ ಉದುರಿಸಿ ಮಾಯಾರಿನ ಕಣಿವೆಯತ್ತ ಸರಿದುಹೋಯಿತು. ಸೋಮವಾರ ಬೆಳಿಗ್ಗೆ ಮಣಿ ಕ್ಯಾಂಪಿಗೆ ಹೊರಟ. ಸತ್ಯಾ ಅವನ ಕೈ ಹಿಡಿದು ರಸ್ತೆಯವರೆಗೆ ಹೋದಳು. ಅವಳ ಬಾಯಿ ಎಲ್ಲಿ ಜಾರುತ್ತದೋ ಎಂದು ಕುಂಜಿ ಬೇಲಿಯ ಬಳಿ ಕಿವಿಗೊಟ್ಟು ನಿಂತಿದ್ದಳು. ಜಾರಲಿಲ್ಲ. ಸದ್ಯ ಎಂದುಕೊಂಡು ಒಳಗೆ ಬಂದಿದ್ದಳು.

ಇವತ್ತು ಬುಧವಾರ.

ಬಲಜಡೆಯನ್ನು ಹೇಗೋ ಸುತ್ತಿ ಕಟ್ಟಿ ಕುಂಜಿ ಎದ್ದಳು. ಅಂಗಳದಲ್ಲಿ ಆಗಲೇ ಹಾಡಿಯ ಜನ ನೆರೆದಿದ್ದರು. ಹೊಳೆಯಾಚೆ ಗುಡ್ಡ ಕಾಣಿಸುತ್ತಿರಲಿಲ್ಲ. ಅದರ ಜಾಗದಲ್ಲಿ ಕಂದು ಹೊಗೆ ಎದ್ದು ನಿಂತಿತ್ತು.

"ನಮ್ ತಾತನ ಕಾಲ್ದಲ್ಲಿ ಚಳಿ ತಿಂಗಳಲ್ಲೇ ಹುಲ್ಲಿಗೆ ಬೆಂಕಿ ಇಟ್ಬುಡೋರು," ಎಂದು ಲಿಂಗ ಯಾರಿಗೋ ಹೇಳುತ್ತಿದ್ದ. "ಮೊಣಕಾಲುದ್ದ ಉರ್ದು ಓಡೋಗೋದು. ಈಗ ಕಡ್ಡಿ ಗೀರಂಗಿಲ್ಲ. ಲಂಟಾನ ಆನೆ ಬೆನ್ನಿನ್ ಮಟ್ಟ ಬೆಳ್ದು ನಿಂತದೆ. ಅದುಕ್ಕೆ ಹತ್ಕಂಡ್ರೆ ದೇವ್ರು ಬಂದ್ರೂ ಆರ್ಸಕ್ಕಾಗಲ್ಲ."

ಕುಂಜಿ ಅವನ ಮಾತು ಮುಗಿಯುವುದನ್ನು ಕಾಯಲಿಲ್ಲ. ಸೆರಗು ಸಿಕ್ಕಿಸಿಕೊಂಡು ಚೆಕ್‌ಪೋಸ್ಟಿಗೆ ಓಡಿದಳು. ಗಾರ್ಡ್ ವಸಂತಕುಮಾರ್ ವೈರ್‌ಲೆಸ್ಸಿಗೆ ಕಿವಿಯೊಡ್ಡಿ ಕೂತಿದ್ದ. ಒಳ್ಳೆಯ ಹುಡುಗ, ನಂಜನಾಡಿನ ಕಡೆಯವನು.

"ಸಾರ್, ನೆತ್ತಿ ಮೇಲೆ ಒಂದ್ ದಿಂಡಿಗದ ಮರ ಅದೆ, ಪೊಟರೆ ಮರ. ಬೆಂಕಿ ಅದರಿಂದ್ಲೇ ಬರ್ತಾ ಇರೋದು. ಅದು ಉರಿಯೋತನಕ ಕೆಂಡ ಮೇಲಿಂದ ಹಾರ್ತಾನೇ ಇರ್ತದೆ. ಕೆಳಗೆ ನಿಂತು ಎದುರು ಬೆಂಕಿ ಕೊಡ್ಬ್ಯಾಡಿ ಅಂತ ಹೇಳಿ ಸಾರ್. ಬೆನ್ನಿಂದೆ ಹತ್ಕತ್ತದೆ."

ಅವನು ಅವಳ ಮುಖ ನೋಡಿದ. "ನಿಮಗ್ಯಾರು ಹೇಳಿದ್ದು ಅಕ್ಕ?"

"ನಾನೇ ಕಂಡಿವ್ನಿ."

"ಯಾವಾಗ?"

"ಮೊದ್ಲು ಅವ್ರಿಗೆ ಹೇಳಿ ಸಾರ್," ಎಂದು ಅವಳು ವೈರ್‌ಲೆಸ್ಸಿನತ್ತ ಕೈ ತೋರಿಸಿದಳು. ಅವನೂ ಮತ್ತೆ ಕೇಳದೆ ವೈರ್‌ಲೆಸ್ಸಿನಲ್ಲಿ ಕೂಗತೊಡಗಿದ. ಆಚೆಯಿಂದ ಗೊರಗೊರ ಸದ್ದು ಬಂತು, ಯಾರದೋ ಅರ್ಧ ಮಾತು ಬಂತು, ನಿಂತುಹೋಯಿತು. ಅವನು ಕೂಗುತ್ತಲೇ ಇದ್ದ. ಹನ್ನೊಂದು ಗಂಟೆಯ ಹೊತ್ತಿಗೆ ಗುಡ್ಡದಲ್ಲಿದ್ದವರು ಎದುರು ಬೆಂಕಿ ಕೊಟ್ಟರೆಂದು ಸುದ್ದಿ ಬಂತು. ಬರುವ ಬೆಂಕಿಗೆ ಮುಂದೆ ಏನೂ ಸಿಗದಂತೆ ತಾವೇ ಒಂದು ಪಟ್ಟಿ ಸುಟ್ಟುಬಿಡುವ ಕೆಲಸ ಅದು. ಗಾಳಿ ಒಂದೇ ಕಡೆ ಬೀಸುವವರೆಗೆ ಅದಕ್ಕಿಂತ ಒಳ್ಳೆಯ ಉಪಾಯವಿಲ್ಲ.

ಗಾಳಿ ತಿರುಗಿತು. ನೆತ್ತಿಯಿಂದ ಹಾರಿದ ಕೆಂಡ ಅವರ ಹಿಂದಿನ ಲಂಟಾನದ ಪೊದೆಗೆ ಬಿತ್ತು. ಎಲ್ಲರೂ ಹೊಳೆಯ ಕಡೆಗೆ ಓಡಿದರು. ಹೊಳೆ ತಲುಪಿ ಎಣಿಸಿಕೊಂಡಾಗ ಒಬ್ಬ ಕಡಿಮೆಯಿದ್ದ.

ಮಣಿಯನ್ನು ಕಂಬಳಿಯಲ್ಲಿ ಹೊತ್ತು ತಂದರು. ಊಟಿಗೆ, ಅಲ್ಲಿಂದ ಕೋಯಮತ್ತೂರಿಗೆ. ಕುಂಜಿ ನಾಲ್ಕು ದಿನ ವಾರ್ಡಿನ ಹೊರಗೆ ಗೋಡೆಗೊರಗಿ ಕೂತಳು. ದಿನಕ್ಕೊಮ್ಮೆ ಒಳಗೆ ಬಿಡುತ್ತಿದ್ದರು. ಅವನ ಮೈಯಲ್ಲಿ ಮುಟ್ಟಲು ಜಾಗವಿರಲಿಲ್ಲ. ಮೂರನೆಯ ದಿನ ಅವಳು ಹೇಳಿಬಿಡಬೇಕೆಂದುಕೊಂಡೇ ಒಳಗೆ ಹೋದಳು. ಬಾಗಿ, ಅವನ ಕಿವಿಯ ಹತ್ತಿರ ಬಾಯಿಟ್ಟಳು. ಅವನು ಕಣ್ಣು ತೆರೆದು, "ಪಾಪು ಪರೀಕ್ಷೆ ಬರುದ್ಲಾ?" ಎಂದು ಕೇಳಿದ. "ಬರುದ್ಲು," ಎಂದಳು. ಅಷ್ಟೇ ಆಯಿತು. ಐದನೆಯ ದಿನ ಬೆಳಿಗ್ಗೆ ಅವನು ಹೋದ.

ಹಾಡಿಯಲ್ಲಿ ಮಣ್ಣು ಮಾಡಿದರು. ಸತ್ಯಾ ಅಳಲಿಲ್ಲ. ಊಟ ಹಾಕಿದರೆ ಉಣ್ಣುತ್ತಿದ್ದಳು, ಮಲಗು ಎಂದರೆ ಮಲಗುತ್ತಿದ್ದಳು. ಮಾತು ಮಾತ್ರ ಬೇಕಾದಷ್ಟೇ. ಕೆಲವೊಮ್ಮೆ ಕೆಲಸದ ನಡುವೆ ಕುಂಜಿ ತಲೆಯೆತ್ತಿದರೆ ಮಗಳು ತನ್ನನ್ನೇ ನೋಡುತ್ತಿರುವುದು ಕಾಣುತ್ತಿತ್ತು. ತುಟಿ ಒಮ್ಮೆ ಅಲುಗಿ ನಿಲ್ಲುತ್ತಿತ್ತು. ಕುಂಜಿ ಬೇಗನೆ ಏನಾದರೊಂದು ಕೆಲಸ ಹೇಳಿ ಕಳಿಸುತ್ತಿದ್ದಳು. ಆ ಹುಡುಗಿ ಏನು ಕೇಳಬಹುದೆಂದು ಅವಳಿಗೆ ಗೊತ್ತಿತ್ತು. ತಾನು ಏನು ಹೇಳಬಹುದೆಂದು ಮಾತ್ರ ಎಷ್ಟು ಯೋಚಿಸಿದರೂ ಹೊಳೆಯುತ್ತಿರಲಿಲ್ಲ.

ಹದಿನೈದು ದಿನದ ಮೇಲೆ ಒಬ್ಬ ಅಧಿಕಾರಿ ವಿಚಾರಣೆಗೆಂದು ಹಾಡಿಗೆ ಬಂದ. ಕುರ್ಚಿ ಹಾಕಿಸಿಕೊಂಡು ಕೂತು, ಬೆಂಕಿ ಹಚ್ಚಿದವರು ಯಾರು ಎಂದೇ ಶುರು ಮಾಡಿದ. ಚಳಿ ತಿಂಗಳಲ್ಲಿ ಹುಲ್ಲು ಸುಡಬೇಕೆಂದು ಹೇಳುತ್ತಿದ್ದವನು ಯಾರು? ಲಿಂಗನೆಂದರೆ ಯಾರು? ಲಿಂಗ ಎದ್ದು ನಿಂತ. ತಮ್ಮನನ್ನು ಮಣ್ಣಿಗಿಟ್ಟ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಹಿಂದಕ್ಕೆ ಕಟ್ಟಿಕೊಂಡ.

"ಯಾರೂ ಹಚ್ಚಿಲ್ಲ ಸಾರ್," ಎಂದು ಕುಂಜಿ ಹೆಂಗಸರ ನಡುವಿನಿಂದ ಎದ್ದಳು. "ಶನಿವಾರ ಸಿಡ್ಲು ಹೊಡ್ದಿತ್ತು. ಭಾನುವಾರ ನಾನು ಸೀಗೆಕಾಯಿಗೆ ಹೋಗಿದ್ದೆ. ದಿಂಡಿಗದ ಮರದ ಪೊಟರೆಲಿ ಹೊಗೆ ಬರ್ತಿತ್ತು. ಬುಡ ಇನ್ನೂ ಇದ್ರೆ ಹೋಗಿ ನೋಡಿ, ಸಿಡ್ಲು ಸೀಳಿರೋದು ಕಾಣ್ತದೆ."

ಲಿಂಗ ಅವಳ ಕಡೆ ತಿರುಗಿದವನು ತಿರುಗಿಯೇ ನಿಂತ.

"ಭಾನುವಾರವೇ ನೋಡಿದ್ದೀರಿ. ನಮಗೆ ಯಾಕಮ್ಮಾ ತಿಳಿಸಲಿಲ್ಲ?"

"ಹೋದ್ ವರ್ಷ ನಮ್ಮನೆಯವ್ರು ತಿಳ್ಸಿದ್ರು ಸಾರ್. ಎರಡ್ ದಿನ ಕೂರ್ಸ್ಕಂಡ್ರಿ."

ಅಧಿಕಾರಿ ಏನೋ ಬರೆದುಕೊಂಡ. ನಿಷಿದ್ಧ ಜಾಗಕ್ಕೆ ಹೋದದ್ದಕ್ಕೆ ಅವಳ ಹೆಬ್ಬೆಟ್ಟು ಒತ್ತಿಸಿಕೊಂಡು, ಲಿಂಗನನ್ನು ಕೂರಲು ಹೇಳಿ, ಜೀಪು ಹತ್ತಿ ಹೊರಟುಹೋದ.

ಜನ ಒಬ್ಬೊಬ್ಬರಾಗಿ ಎದ್ದರು. ಯಾರೂ ಅವಳನ್ನು ಬೈಯಲಿಲ್ಲ. ಅಲ್ಲಿದ್ದವರಲ್ಲಿ ಹೊಗೆ ಕಂಡು ಮುಖ ತಿರುಗಿಸದಿದ್ದವರು ಯಾರಿದ್ದರು? ಲಿಂಗ ಮಾತ್ರ ಹೋಗುವಾಗ ಅವಳ ಮುಂದೆ ಒಂದು ಗಳಿಗೆ ನಿಂತು, ಟವೆಲಿನಿಂದ ಮುಖ ಒರೆಸಿಕೊಂಡು ನಡೆದ.

ಕುಂಜಿ ಕೊಡ ಎತ್ತಿಕೊಂಡು ನಲ್ಲಿಗೆ ಹೋದಳು. ನೀರು ದಾರದಷ್ಟು ಬರುತ್ತಿತ್ತು. ಹಿಂದೆ ಹೆಜ್ಜೆಯ ಸದ್ದು ಕೇಳಿಸಿತು. ಸತ್ಯಾ ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಳು. ಈಗ ಕಳಿಸಲು ಕುಂಜಿಗೆ ಯಾವ ಕೆಲಸವೂ ನೆನಪಾಗಲಿಲ್ಲ. ಅಧಿಕಾರಿಗೆ ಕೊಟ್ಟ ಉತ್ತರ ಇನ್ನೂ ಬಾಯಲ್ಲೇ ಇತ್ತು. ಮಗಳಿಗೂ ಅದನ್ನೇ ಹೇಳಿದರಾಯಿತು ಎಂದುಕೊಂಡಳು.

ಸತ್ಯಾ ತುಂಬುತ್ತಿರುವ ಕೊಡವನ್ನೇ ನೋಡುತ್ತ, ಎಷ್ಟೋ ದಿನದಿಂದ ಬಾಯಲ್ಲಿಟ್ಟುಕೊಂಡು ಸವೆಸಿದಂಥ ದನಿಯಲ್ಲಿ ಹೇಳಿದಳು:

"ಅವ್ರಿಗ್ ಹೇಳ್ದೆ ಇದ್ದದ್ದು ಸರಿ ಅವ್ವ. ಅಪ್ಪಂಗ್ಯಾಕೆ ಹೇಳ್ಲಿಲ್ಲ?"