ಡಬ್ಬಿಯಲ್ಲಿ ಉಳಿದ ಗುಳಿಗೆಗಳು

ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಇಪ್ಪತ್ತಾರು ವರ್ಷ ದುಡಿದ ಪೆಯ್‌ಫೆನ್‌ಗೆ ದುರ್ವಾಸನೆ ಹೊಸತಲ್ಲ. ಆದರೂ ಆ ಬೆಳಿಗ್ಗೆ ತಟ್ಟೆಯ ಮುಚ್ಚಳ ತೆಗೆದಾಗ ವಾಕರಿಕೆ ಬಂತು. ಅದರಲ್ಲಿ ಬೆಳೆದಿದ್ದುದು ಸೊಸೆ ಶಿಯಾಲಾನಳ ಯೋನಿಸ್ರಾವದ ಬ್ಯಾಕ್ಟೀರಿಯಾ. ಮೇಲೆ ಹನ್ನೊಂದು ಬಗೆಯ ಆ್ಯಂಟಿಬಯಾಟಿಕ್ ಅದ್ದಿದ ಹನ್ನೊಂದು ಕಾಗದದ ಬಿಲ್ಲೆಗಳು. ಮದ್ದು ನಾಟಿದರೆ ಬಿಲ್ಲೆಯ ಸುತ್ತ ಏನೂ ಬೆಳೆಯದ ಖಾಲಿ ಉಂಗುರ ಕಾಣಬೇಕು. ಹತ್ತು ಬಿಲ್ಲೆಗಳ ಅಂಚಿನವರೆಗೂ ಬೂದು ಲೋಳೆ ನಾಚಿಕೆಯಿಲ್ಲದೆ ಹಬ್ಬಿತ್ತು. ಹನ್ನೊಂದನೆಯದರ ಸುತ್ತ ಮಾತ್ರ ಉಂಗುರ: ವಾರ್ಡಿನಲ್ಲಿ ಮಲಗಿಸಿ ಡ್ರಿಪ್ ಹಾಕಬೇಕಾದ, ಕೊನೆಗೆಂದು ಕಾದಿಟ್ಟ ಮದ್ದು. ಶಿಯಾಲಾನ್‌ಗೆ ಆರು ತಿಂಗಳ ಬಸುರು. ಸೋಂಕು ಮೇಲೇರಿದರೆ ಮಗು ಉಳಿಯುವುದು ಕಷ್ಟ.

ಮಧ್ಯಾಹ್ನವೇ ಮನೆಗೆ ಧಾವಿಸಿದಳು. ದೂರು ಆಗಲೇ ನಾಲಗೆಯ ತುದಿಯಲ್ಲಿತ್ತು. ಸಂತೆ ಬೀದಿಯಲ್ಲೊಂದು ಕ್ಲಿನಿಕ್ ಇತ್ತು. ಬಂದ ಹೆಂಗಸರಿಗೆಲ್ಲ ‘ಒಳಗೆ ಕೊಳೆ’ ಎಂದು ಹೆದರಿಸಿ ಆ್ಯಂಟಿಬಯಾಟಿಕ್ ಬಾಟಲಿ ತೂಗುಹಾಕುವ ಆ ಜಾಗ ಕಂಡರೆ ಅವಳಿಗೆ ಹೇಸಿಗೆ.

“ಆ ಕ್ಲಿನಿಕ್ಕಿಗೆ ಹೋಗಿದ್ಯೇನೇ?”

“ಇಲ್ಲ ಅತ್ತೆ. ಹೋಗ್ಬೇಡ ಅಂತ ನೀವೇ ಹೇಳಿದ್ರಲ್ಲ.”

ಸೊಪ್ಪು ಬಿಡಿಸುತ್ತಿದ್ದ ಪೆಯ್‌ಫೆನ್‌ಳ ತಾಯಿ ತಲೆಯೆತ್ತಿದಳು. “ನಾನಿರೋವಾಗ ಇವಳಿಗ್ಯಾಕೆ ಕ್ಲಿನಿಕ್ಕು? ಎರಡು ತಿಂಗಳಿಂದ ದಿನಾ ಸಂಜೆ ಇವಳ ಬೋಗುಣಿಗೆ ಬಿಸಿನೀರು ಹುಯ್ದು, ಎರಡು ಗುಳಿಗೆ ಒಡೆದು ಕದಡಿ ತೊಳೆಸ್ತಿದೀನಿ. ವಾಸನೆ ಜಾಸ್ತಿಯಾದ ದಿನ ಒಂದು ನುಂಗಿಸ್ತೀನಿ.”

“ಯಾವ ಗುಳಿಗೆ ಅಮ್ಮ?”

“ಉರಿ ಆರಿಸೋದು. ಕೆಂಪು ಹಳದೀದು ಮುಗೀತು, ಈಗ ಹಸಿರು ಬಣ್ಣದ್ದು. ನಿನ್ನ ಡಬ್ಬೀದೇ.”

ಶರತ್ಕಾಲದ ಹಬ್ಬಕ್ಕೆ ಸಿಹಿಕಡುಬು ತುಂಬಿ ಬಂದ ತಗಡಿನ ಡಬ್ಬಿ. ಹಲ್ಲುನೋವಿಗೆ ತಂದು ಎರಡೇ ದಿನಕ್ಕೆ ಬಿಟ್ಟದ್ದು, ಗಂಡನ ಕೆಮ್ಮಿಗೆ ತಂದು ಉಳಿದದ್ದು, ಎಲ್ಲ ಆ್ಯಂಟಿಬಯಾಟಿಕ್ ಗುಳಿಗೆಗಳನ್ನೂ ಅದರೊಳಗೆ ಕೂಡಿಟ್ಟವಳು ಪೆಯ್‌ಫೆನ್. ಅರ್ಧಕ್ಕೆ ನಿಲ್ಲಿಸಿದ ಮದ್ದು ರೋಗವನ್ನು ಸಾಕುತ್ತದೆಂದು ಪ್ರತಿ ವರ್ಷ ತರಬೇತಿಯ ಹುಡುಗಿಯರಿಗೆ ಪಾಠ ಹೇಳುತ್ತಿದ್ದವಳೂ ಅವಳೇ. ಸಾಯದಷ್ಟು ಮದ್ದನ್ನು ದಿನವೂ ಉಣಿಸಿ ಆ ಲೋಳೆಯನ್ನು ಬೆಳೆಸಿದ್ದು ಅವಳ ಮನೆಯೇ. ಬೆಳಿಗ್ಗೆ ತಟ್ಟೆ ಕಂಡಾಗಿನ ಹೇಸಿಗೆ ಈಗ ತನ್ನ ಮೇಲೇ ತಿರುಗಿತ್ತು.

“ಹೊಟ್ಟೇಲಿರೋ ಕೂಸನ್ನ ಕೊಲ್ತಿದ್ಯಲ್ಲಮ್ಮ.”

“ಆಸ್ಪತ್ರೆಯವಳು ನೀನು. ನಿನ್ನ ಡಬ್ಬೀಲಿ ವಿಷ ಇರುತ್ತೆ ಅಂತ ನಂಗೇನು ಕನಸು ಬಿದ್ದಿತ್ತಾ?”

ಪೆಯ್‌ಫೆನ್ ಡಬ್ಬಿಯನ್ನು ತನ್ನ ಚೀಲಕ್ಕೆ ಹಾಕಿಕೊಂಡಳು. ಆಗಲೇ ಜ್ವರ ಏರತೊಡಗಿದ್ದ ಶಿಯಾಲಾನ್ ಅಂದೇ ವಾರ್ಡಿಗೆ ಸೇರಿದಳು. “ಮೊದಲು ಯಾರು ಮದ್ದು ಕೊಟ್ಟಿದ್ರು?” ಎಂದು ವೈದ್ಯೆ ಕೇಳಿದಾಗ, ಸಂತೆ ಬೀದಿಯ ಹೆಸರು ಪೆಯ್‌ಫೆನ್‌ಳ ಬಾಯಿಯವರೆಗೂ ಬಂತು. ಹೇಳಿದ್ದರೆ ಎಲ್ಲರೂ ನಂಬುತ್ತಿದ್ದರು. ಅವಳು ಡಬ್ಬಿಯನ್ನು ತೆಗೆದು ಮೇಜಿನ ಮೇಲಿಟ್ಟಳು. “ನಾನೇ. ಯಾವ್ಯಾವುದು ಅಂತ ಇದರಲ್ಲೇ ಇದೆ, ನೋಡಿ.”

ನಾಲ್ಕನೆಯ ದಿನ ಜ್ವರ ಇಳಿಯಿತು. ಮಗು ಒದೆಯುತ್ತಿದೆ ಎಂದು ಶಿಯಾಲಾನ್ ಅತ್ತೆಯ ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡಳು. ಅಷ್ಟರಲ್ಲಿ ಪೆಯ್‌ಫೆನ್‌ಳ ತಾಯಿ ಫ್ಲಾಸ್ಕು, ಬೋಗುಣಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

“ಬರೀ ಬಿಸಿನೀರು ಕಣೆ,” ಎಂದಳು.

ಪೆಯ್‌ಫೆನ್ ತಾಯಿಯ ಕೋಟಿನ ಜೇಬಿಗೆ ಕೈಹಾಕಿದಳು. ನಾಲ್ಕು ಗುಳಿಗೆಗಳು ಸಿಕ್ಕವು.

“ಅವು ನಿನ್ನ ಡಬ್ಬೀವಲ್ಲ,” ತಾಯಿ ಗೊಣಗಿದಳು. “ಪಕ್ಕದ್ಮನೆಯವಳು ಕೊಟ್ಳು. ಅವಳ ಹತ್ರಾನೂ ಒಂದು ಡಬ್ಬಿ ತುಂಬ ಇದೆ.”