ಡಿಸ್ಕಿನ ಎರಡನೇ ಪಾಲು

ಆಫೀಸಿನಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದದ್ದು ತಕ್ಕಡಿ ಎಂದೇ. ಯಾರಾದರೂ ಹೊಸ ಫೈಲ್ ಸಿಸ್ಟಮ್ ಬರೆದರೆ ಅದನ್ನು ಲಿನಕ್ಸ್ ಕಂಪ್ಯೂಟರಿನ ಮೇಲೆ ಓಡಿಸಿ, ಹಳೆಯದಕ್ಕಿಂತ ವೇಗವೋ ನಿಧಾನವೋ ಎಂದು ತೂಗಿ ಹೇಳುವುದು ಅವನ ಕೆಲಸ. ಯಾವ ಫೈಲನ್ನು ಡಿಸ್ಕಿನ ಯಾವ ಮೂಲೆಯಲ್ಲಿಡಬೇಕು, ಕೇಳಿದೊಡನೆ ಹೇಗೆ ತೆಗೆದುಕೊಡಬೇಕು ಎಂದು ನೋಡಿಕೊಳ್ಳುವ ಏರ್ಪಾಡೇ ಫೈಲ್ ಸಿಸ್ಟಮ್; ಅಡುಗೆಮನೆಯ ಡಬ್ಬಿಗಳ ಲೆಕ್ಕ ಅಮ್ಮನಿಗೆ ಮಾತ್ರ ಗೊತ್ತಿರುತ್ತದಲ್ಲ, ಹಾಗೆ.

ತಕ್ಕಡಿ ಮುಖ ನೋಡಿ ಮಣೆ ಹಾಕುವವನಲ್ಲ. ಒಡಹುಟ್ಟಿದ ತಮ್ಮ ಬರೆದದ್ದನ್ನೇ ನಿಧಾನವೆಂದು ತಳ್ಳಿಹಾಕಿದವನು. "ಡಿಸ್ಕಲ್ಲೇ ಏನೋ ಇದೆ, ನೋಡಣ್ಣ" ಎಂದು ತಮ್ಮ ಅಂಗಲಾಚಿದರೆ, "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದು ಹತ್ತು ಜನರೆದುರು ನಗಾಡಿದ್ದ. ತಮ್ಮ ಆ ಕೆಲಸವನ್ನೇ ಬಿಟ್ಟು ಕನ್ನಡಕದಂಗಡಿ ಇಟ್ಟ. ಅಣ್ಣನ ಮನೆಯ ಕಡೆ ತಲೆ ಹಾಕಿಯೂ ಮಲಗುವುದಿಲ್ಲ. ಆದರೂ ತಕ್ಕಡಿ ಆ ಕಥೆಯನ್ನು ಹೆಮ್ಮೆಯಿಂದಲೇ ಹೇಳಿಕೊಂಡು ತಿರುಗುತ್ತಿದ್ದ, ಮಹಾನುಭಾವ.

ಈಗ ಸರದಿ ಪಕ್ಕದ ಮೇಜಿನ ಇಂಜಿನಿಯರಮ್ಮನದು. ಮಕ್ಕಳನ್ನು ಶಾಲೆಗೆ ಕಳಿಸಿ, ಮಾವನಿಗೆ ಮಾತ್ರೆ ಕೊಟ್ಟು, ಮಿಕ್ಕ ಪುರುಸೊತ್ತನ್ನೆಲ್ಲ ಸುರಿದು ಬರೆದ ಫೈಲ್ ಸಿಸ್ಟಮ್. ಅದನ್ನು ಉಳಿಸುವುದೋ ಕೈಬಿಡುವುದೋ ಎಂದು ಮಧ್ಯಾಹ್ನದ ಮೀಟಿಂಗಿನಲ್ಲಿ ತೀರ್ಮಾನ. ವೇಗ ಮಾತ್ರ ಹಳೆಯದರ ಮುಕ್ಕಾಲಿಗೂ ಬರುತ್ತಿರಲಿಲ್ಲ. ಕೇಬಲ್ ಬದಲಾಯಿಸಿದರು. ಹಿಂದಿನ ಓದಿನ ಎಂಜಲು ಉಳಿಯದಂತೆ ಪ್ರತಿ ಸಲವೂ ಮೆಮೊರಿ ಖಾಲಿ ಮಾಡಿದರು. ಜಪ್ಪಯ್ಯ ಅಂದರೂ ಅಂಕಿ ಮೇಲೇಳಲಿಲ್ಲ.

ತಕ್ಕಡಿಯ ಪದ್ಧತಿ ಒಂದೇ: ಡಿಸ್ಕನ್ನು ಎರಡು ಪಾಲು ಮಾಡಿ ಮೊದಲನೆಯದರಲ್ಲಿ ಹಳೆಯದು, ಎರಡನೆಯದರಲ್ಲಿ ಹೊಸದು. ಆಮೇಲೆ ಬಂದವರು ಸಾಲಿನಲ್ಲಿ ಹಿಂದೆ ನಿಲ್ಲಬೇಕಲ್ಲವೇ?

"ಒಂದೇ ಒಂದ್ಸಲ ನಂದನ್ನ ಮೊದಲ್ನೇ ಪಾಲಿಗೆ ಹಾಕ್ತೀರಾ?" ಎಂದಳು ಇಂಜಿನಿಯರಮ್ಮ.

"ಹಾಕಿದ್ರೆ ಏನಾಗುತ್ತಮ್ಮ?"

"ಏನೂ ಆಗಲ್ಲ, ನನ್ನ ಸಮಾಧಾನಕ್ಕೆ. ನಾನು ಮನೇಲೂ ಎರಡನೆಯವಳೇ. ಅಕ್ಕ ಹಾಕಿ ಬಿಟ್ಟ ಬಟ್ಟೆಲೇ ಬೆಳೆದೋಳು."

ನಗುತ್ತಲೇ ಹೇಳಿದಳು, ಆದರೆ ಕಣ್ಣು ತುಂಬಿತ್ತು. ನಾಲಿಗೆಯ ತುದಿಗೆ ಬಂದಿದ್ದ ಗಾದೆಯನ್ನು ತಕ್ಕಡಿ ನುಂಗಿಕೊಂಡ. ಪಾಪ ಅನ್ನಿಸಿ ಎರಡನ್ನೂ ಅದಲು ಬದಲು ಮಾಡಿ ಓಡಿಸಿದ.

ಹೊಸದು ದಾಪುಗಾಲು ಹಾಕಿತು. ಎರಡನೇ ಪಾಲಿಗೆ ಹೋದ ಹಳೆಯದು ಕುಂಟತೊಡಗಿತು.

ತಕ್ಕಡಿಗೆ ಆಗ ಹೊಳೆಯಿತು. ಅದು ತಿರುಗುವ ತಟ್ಟೆಯ ಡಿಸ್ಕು. ಮೊದಲ ಪಾಲು ತಟ್ಟೆಯ ಹೊರ ಅಂಚಿನಲ್ಲಿ. ಅಲ್ಲಿ ಸುತ್ತು ದೊಡ್ಡದು, ಒಂದು ಸುತ್ತಿಗೆ ಹೆಚ್ಚು ಓದಬಹುದು. ಎರಡನೆಯದು ಒಳಗಿನ ಸಣ್ಣ ಸುತ್ತು, ಅಲ್ಲಿ ಯಾರನ್ನು ಕೂರಿಸಿದರೂ ನಿಧಾನವೇ. ಹೊಸಬರಿಗೆಲ್ಲ ಈ ಪಾಠ ಹೇಳಿಕೊಡುತ್ತಿದ್ದವನು ಇವನೇ. ದೀಪದ ಬುಡದಲ್ಲಿ ಕತ್ತಲೆ.

ಎರಡನ್ನೂ ಒಂದೇ ಪಾಲಿನಲ್ಲಿ, ಒಂದಾದ ಮೇಲೊಂದರಂತೆ ಅಳೆದರು. ಹೊಸದು ಕೂದಲೆಳೆಯಷ್ಟು ಮುಂದಿತ್ತು. ತಕ್ಕಡಿ ಮೀಟಿಂಗಿನಲ್ಲಿ ಎದ್ದು ನಿಂತು ತಪ್ಪು ತನ್ನದೆಂದ. ಇಂಜಿನಿಯರಮ್ಮನ ಫೈಲ್ ಸಿಸ್ಟಮ್ ಉಳಿಯಿತು. ಯಾರೋ ತಮಾಷೆ ಮಾಡಿದರು, ಎಲ್ಲರೂ ನಕ್ಕರು. ಅವನಿಗೆ ನಗು ಬರಲಿಲ್ಲ. ಹೊರಗೆ ಮೆಟ್ಟಿಲ ಬಳಿ ನಿಂತು ತಮ್ಮನಿಗೆ ಫೋನು ಮಾಡಿದ.

"ಯಾರಿಗೇನಾಯ್ತು?" ಎಂದ ತಮ್ಮ. ಅಣ್ಣನ ಫೋನು ಕೆಟ್ಟ ಸುದ್ದಿಗಷ್ಟೇ ಬರುತ್ತಿತ್ತು.

"ಯಾರಿಗೂ ಏನೂ ಆಗಿಲ್ಲ," ಎಂದ ತಕ್ಕಡಿ. "ನೆಲ ಡೊಂಕಿತ್ತು ಕಣೋ. ಎಲ್ಲಾರನ್ನೂ ಒಳಗಿನ ಸುತ್ತಲ್ಲಿ ಕೂರಿಸಿ ಅಳೆದುಬಿಟ್ಟೆ, ನಿನ್ನನ್ನೂನು."

ಆ ಕಡೆ ತಮ್ಮ ಯಾರೋ ಗಿರಾಕಿಗೆ ಒಂದು ನಿಮಿಷ ಕೂತಿರಲು ಹೇಳಿದ್ದು ಕೇಳಿಸಿತು.

"ನೀನು ಬರೆದದ್ದನ್ನ ಎಸೆದುಬಿಟ್ಟೆ ಅಂದಿದ್ಯಲ್ಲ, ನಿಜವಾಗ್ಲೂ ಎಸೆದ್ಯಾ?" ಎಂದು ಕೇಳಿದ ತಕ್ಕಡಿ.

"ಇಲ್ಲ. ಇಟ್ಕೊಂಡಿದೀನಿ."

"ತಗೊಂಡು ಬಾರೋ. ಈ ಸಲ ನಿಂದನ್ನೇ ಮೊದಲ್ನೇ ಪಾಲಿಗೆ ಹಾಕ್ತೀನಿ."

"ಹಾಗೆ ಬೇಡಣ್ಣ," ಎಂದ ತಮ್ಮ. "ಎರಡನ್ನೂ ಒಂದೇ ಕಡೆ ಹಾಕಿ ನೋಡು, ಸಾಕು."